ದಿನಕ್ಕೊಂದು ಪರಮಾಣು

(ಮಾತಾಡುವವರಲ್ಲಿ ಒಬ್ಬರು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬಳು ಅವರ ಹಳೆಯ ವಿದ್ಯಾರ್ಥಿನಿ. ನಕ್ಷತ್ರಗಳ ನಡುವಿನ ಧೂಳಿನ ಮೇಲೆ ನಡೆಯುವ ರಾಸಾಯನಿಕ ಕ್ರಿಯೆಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ.)

ಮೇಷ್ಟ್ರು: ಹತ್ತು ಕೆಲ್ವಿನ್ ಧೂಳಿನ ಮೇಲೆ ಕ್ರಿಯೆ ನಡೆಯುತ್ತೆ ಅಂತ ನೀನು ಹೇಳೋದು ನನ್ನ ತಲೆಗೆ ಹೋಗ್ತಿಲ್ಲ ಕಣಮ್ಮ. ಹತ್ತು ಕೆಲ್ವಿನ್ ಅಂದ್ರೆ ಸೊನ್ನೆ ಡಿಗ್ರಿಗಿಂತ 263 ಡಿಗ್ರಿ ಕೆಳಗೆ. ಕ್ರಿಯೆಯ ವೇಗ ಹೇಳೋ ಅರ್ಹೇನಿಯಸ್ ಸಮೀಕರಣದಲ್ಲಿ ಉಷ್ಣತೆ ಛೇದದಲ್ಲಿ ಕೂತಿದೆ, ಅದೂ ಘಾತದ ಒಳಗೆ. ಅಲ್ಲಿ ಹತ್ತು ಹಾಕಿದ ಹುಡುಗ ವೇಗ ಸೊನ್ನೆ ಅಂತ ಬರೆದ್ರೆ ನಾನು ಪೂರ್ತಿ ಅಂಕ ಕೊಡ್ತಿದ್ದೆ.

ಶಿಷ್ಯೆ: ಕೊಡೋಕೆ ಮುಂಚೆ ಒಂದು ಲೆಕ್ಕ ಮಾಡೋಣ ಸಾರ್. ಕಾರ್ಬನ್ ಮಾನಾಕ್ಸೈಡಿಗೆ ಒಂದು ಹೈಡ್ರೋಜನ್ ಪರಮಾಣು ಸೇರಬೇಕು. ಅದಕ್ಕೊಂದು ತಡೆ ಇದೆ. ನಮ್ಮವರು ಶಕ್ತಿಯನ್ನೂ ಕೆಲ್ವಿನ್ ಲೆಕ್ಕದಲ್ಲೇ ಹೇಳ್ತಾರೆ. ತಡೆ 2000 ಕೆಲ್ವಿನ್ ಅಂತಿಟ್ಟುಕೊಳ್ಳಿ, ಹತ್ತರಿಂದ ಭಾಗಿಸಿದ್ರೆ 200.

ಮೇಷ್ಟ್ರು: ಇ-ಯ ಘಾತ ಮೈನಸ್ 200. ಅಂದ್ರೆ ಹತ್ತರ ಘಾತ ಮೈನಸ್ 87ರ ಹತ್ತಿರ. ಪರಮಾಣು ಸೆಕೆಂಡಿಗೆ ಲಕ್ಷ ಕೋಟಿ ಸಲ ಅದುರಲಿ, ವಿಶ್ವ ಹುಟ್ಟಿ 1380 ಕೋಟಿ ವರ್ಷ ಆಗಿರಲಿ, ಒಂದು ಸಲವೂ ತಡೆ ದಾಟಲ್ಲ. ಹೇಳಿದ್ನಲ್ಲ.

ಶಿಷ್ಯೆ: ಆದ್ರೆ ಅದೇ ಕ್ರಿಯೆಯನ್ನ ಮುಂದುವರಿಸಿದ್ರೆ ಕೊನೆಗೆ ಸಿಗೋದು ಮೆಥನಾಲ್. 1970ರಲ್ಲೇ ಅದು ರೇಡಿಯೋ ದೂರದರ್ಶಕಕ್ಕೆ ಸಿಕ್ಕಿತ್ತು, ನಮ್ಮ ಆಕಾಶಗಂಗೆಯ ನಡುಭಾಗದ ಮೋಡಗಳಲ್ಲಿ. ಆಮೇಲೆ ಹತ್ತು ಕೆಲ್ವಿನ್ನಿನ ಕತ್ತಲೆ ಮೋಡಗಳಲ್ಲೂ ಸಿಕ್ತು. ಅಲ್ಲಿ ಇರೋದಂತೂ ಖಾತ್ರಿ. ಹೇಗೆ ಬಂತು ಅನ್ನೋದೇ ಜಗಳ.

ಮೇಷ್ಟ್ರು: ಅನಿಲದಲ್ಲೇ ಆಗಿರಬಹುದಲ್ಲ? ಅಯಾನುಗಳ ಕ್ರಿಯೆಗೆ ತಡೆ ಇರಲ್ಲ. ಧನ ಅಯಾನು ಹೋಗಿ ಅಣುವಿಗೆ ಅಂಟಿಕೊಳ್ಳುತ್ತೆ, ಆಮೇಲೆ ಒಂದು ಎಲೆಕ್ಟ್ರಾನ್ ಬಂದು ತಟಸ್ಥ ಮಾಡುತ್ತೆ.

ಶಿಷ್ಯೆ: ಬಹಳ ವರ್ಷ ಎಲ್ಲರೂ ಹಾಗೇ ಅಂದ್ಕೊಂಡಿದ್ರು. ಮೀಥೈಲ್ ಅಯಾನು, ನೀರು ಸೇರಿ ಪ್ರೋಟಾನ್ ಹೊತ್ತ ಮೆಥನಾಲ್ ಆಗುತ್ತೆ. ಎಲೆಕ್ಟ್ರಾನ್ ಬಂದ್ರೆ ಒಂದು ಹೈಡ್ರೋಜನ್ ಕಳಚಿ ಮೆಥನಾಲ್ ಉಳಿಯುತ್ತೆ ಅಂತ. 2006ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿದ್ದ ಕ್ರೈರಿಂಗ್ ಅನ್ನೋ ಅಯಾನು ಉಂಗುರದಲ್ಲಿ ಅದನ್ನ ಅಳೆದ್ರು. ಎಲೆಕ್ಟ್ರಾನ್ ಸೇರಿದಾಗ ನೂರರಲ್ಲಿ ಮೂರು ಸಲ ಮಾತ್ರ ಮೆಥನಾಲ್ ಉಳಿಯುತ್ತೆ, ಮಿಕ್ಕಿದ್ದೆಲ್ಲ ಚೂರಾಗುತ್ತೆ. ಮೊದಲ ಹೆಜ್ಜೆಯಂತೂ ಅಂದ್ಕೊಂಡದ್ದಕ್ಕಿಂತ ಎಷ್ಟೋ ನಿಧಾನ ಅಂತ ಅದಕ್ಕೂ ಮುಂಚೆಯೇ ಗೊತ್ತಾಗಿತ್ತು. ಅನಿಲದ ದಾರಿ ಅಲ್ಲಿಗೆ ಮುಚ್ಚಿತು.

ಮೇಷ್ಟ್ರು: ಹಾಗಾದ್ರೆ ಧೂಳು.

ಶಿಷ್ಯೆ: ಧೂಳು. ಧೂಳು ಬೇಕೇಬೇಕು ಅನ್ನೋದು ಮೆಥನಾಲಿಗಿಂತ ಮುಂಚೆ ಹೈಡ್ರೋಜನ್ ಅಣುವಿನ ವಿಷಯದಲ್ಲೇ ತೀರ್ಮಾನ ಆಗಿತ್ತು. ಎರಡು ಹೈಡ್ರೋಜನ್ ಪರಮಾಣು ಖಾಲಿ ಜಾಗದಲ್ಲಿ ಡಿಕ್ಕಿ ಹೊಡೆದ್ರೆ ಏನಾಗುತ್ತೆ?

ಮೇಷ್ಟ್ರು: ಏನೂ ಆಗಲ್ಲ. ಬಂಧ ಏರ್ಪಟ್ಟಾಗ ನಾಲ್ಕೂವರೆ ಎಲೆಕ್ಟ್ರಾನ್‌ವೋಲ್ಟ್ ಹೊರಗೆ ಬರುತ್ತೆ. ಅದನ್ನ ಹೊತ್ತೊಯ್ಯೋಕೆ ಮೂರನೆಯವನು ಬೇಕು. ಇಲ್ಲದಿದ್ರೆ ಅದೇ ಶಕ್ತಿಯಿಂದ ಬಂಧ ಮತ್ತೆ ಬಿಟ್ಟುಹೋಗುತ್ತೆ. ಬೆಳಕಾಗಿ ಹೊರಹಾಕೋಣ ಅಂದ್ರೆ ಹೈಡ್ರೋಜನ್ ಅಣುವಿಗೆ ದ್ವಿಧ್ರುವವೇ ಇಲ್ಲ. ಇದನ್ನ ನಿಮಗೆ ಕ್ಲಾಸಿನಲ್ಲಿ ಹೇಳಿದ್ದೆ, ಯಾರೂ ಕೇಳಿಸ್ಕೊಳ್ಲಿಲ್ಲ.

ಶಿಷ್ಯೆ: ಒಬ್ಬಳು ಕೇಳಿಸ್ಕೊಂಡಿದ್ಲು ಸಾರ್. ಆ ಮೂರನೆಯವನು ಧೂಳಿನ ಕಣ. ಗೌಲ್ಡ್ ಮತ್ತು ಸಾಲ್ಪೀಟರ್ 1963ರಲ್ಲಿ ಅದರ ಲೆಕ್ಕ ಹಾಕಿದ್ರು. 1970ರಲ್ಲಿ ಕ್ಯಾರುಥರ್ಸ್ ಒಂದು ರಾಕೆಟ್ ಮೇಲೆ ಅತಿನೇರಳೆ ಉಪಕರಣ ಇಟ್ಟು ಹಾರಿಸಿ, ನಕ್ಷತ್ರಗಳ ನಡುವೆ ಹೈಡ್ರೋಜನ್ ಅಣು ಇರೋದನ್ನ ಮೊದಲ ಸಲ ತೋರಿಸಿದ್ರು. ವಿಶ್ವದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರೋ ಅಣು ಅದು. ಇವತ್ತಿನ ಆಕಾಶಗಂಗೆಯಲ್ಲಿ ಅದನ್ನ ಮಾಡೋದು ಧೂಳೇ.

ಮೇಷ್ಟ್ರು: ಸರಿ, ಆ ಧೂಳಿನ ಅಳತೆ ಹೇಳು. ಮಾದರಿ ಅಂದ್ರೆ ನಂಗೆ ಮೊದಲು ಅಂಕಿ ಬೇಕು.

ಶಿಷ್ಯೆ: ತ್ರಿಜ್ಯ ಒಂದು ಮೈಕ್ರಾನಿನ ಹತ್ತನೇ ಒಂದು ಭಾಗ. ನಿಜದಲ್ಲಿ ಚಿಕ್ಕದು ದೊಡ್ಡದು ಎಲ್ಲ ಇರುತ್ತೆ, ಲೆಕ್ಕಕ್ಕೆ ಈ ಒಂದು ಗಾತ್ರ. ಒಳಗೆ ಸಿಲಿಕೇಟ್ ಅಥವಾ ಇಂಗಾಲ. ಕತ್ತಲೆ ಮೋಡಗಳಲ್ಲಿ ಅದರ ಮೇಲೆ ಮಂಜುಗಡ್ಡೆಯ ಹೊದಿಕೆ, ಮುಖ್ಯವಾಗಿ ನೀರು. ಆ ಮಂಜುಗಡ್ಡೆಗೆ ಫ್ರಿಜ್ಜಿನಲ್ಲಿ ಕಾಣೋ ಹರಳಿನ ಶಿಸ್ತಿಲ್ಲ, ಅಡ್ಡಾದಿಡ್ಡಿ ಸೇರಿಕೊಂಡಿರುತ್ತೆ. ಒಂದು ಕಣದ ಮೈಮೇಲೆ ಪರಮಾಣು ಕೂರಬಹುದಾದ ಜಾಗ ಸುಮಾರು 19 ಲಕ್ಷ. ಮೋಡದಲ್ಲಿ ಪ್ರತಿ ಘನ ಸೆಂಟಿಮೀಟರಿಗೆ ಹತ್ತು ಸಾವಿರ ಹೈಡ್ರೋಜನ್. ಲಕ್ಷ ಕೋಟಿ ಹೈಡ್ರೋಜನ್ನಿಗೆ ಒಂದು ಧೂಳುಕಣ. ಅಂದ್ರೆ ನೂರು ಘನ ಮೀಟರ್ ಜಾಗ ಹುಡುಕಿದ್ರೆ ಒಂದು ಕಣ.

ಮೇಷ್ಟ್ರು: ಇದನ್ನ ಮೋಡ ಅಂತ ಕರೀತೀರಾ!

ಶಿಷ್ಯೆ: ಮೋಡದ ದಪ್ಪ ಜ್ಯೋತಿರ್ವರ್ಷಗಳಲ್ಲಿ ಇರೋದ್ರಿಂದ ಹಿಂದಿರೋ ನಕ್ಷತ್ರ ಮುಚ್ಚಿಹೋಗುತ್ತೆ. ಈಗ ಮುಖ್ಯವಾದ ಅಂಕಿ ಕೇಳಿ. ಅಲ್ಲಿನ ಹೈಡ್ರೋಜನ್ ಹೆಚ್ಚುಕಮ್ಮಿ ಎಲ್ಲ ಜೋಡಿಯಾಗಿ ಅಣುವಾಗಿದೆ. ವಿಶ್ವಕಿರಣಗಳು ಅಣುವನ್ನ ಒಡೀತಾ ಇರೋದ್ರಿಂದ ಒಂಟಿ ಪರಮಾಣು ಘನ ಸೆಂಟಿಮೀಟರಿಗೆ ಒಂದು ಉಳಿದಿರುತ್ತೆ. ಹತ್ತು ಕೆಲ್ವಿನ್‌ನಲ್ಲಿ ಅದರ ಓಟ ಸೆಕೆಂಡಿಗೆ 460 ಮೀಟರ್. ಕಣದ ಅಡ್ಡಕೊಯ್ತದಿಂದ ಗುಣಿಸಿದ್ರೆ, ಒಂದು ಕಣಕ್ಕೆ ಒಂದು ಹೈಡ್ರೋಜನ್ ಪರಮಾಣು ಬಂದು ಬೀಳೋದು 19 ಗಂಟೆಗೊಂದು ಸಲ.

ಮೇಷ್ಟ್ರು: ಹೆಚ್ಚುಕಮ್ಮಿ ದಿನಕ್ಕೊಂದು.

ಶಿಷ್ಯೆ: ದಿನಕ್ಕೊಂದು. ಕಾರ್ಬನ್ ಮಾನಾಕ್ಸೈಡ್ ಭಾರ ಜಾಸ್ತಿ, ನಿಧಾನ. ಅದು ನಾಲ್ಕು ದಿನಕ್ಕೊಂದು.

ಮೇಷ್ಟ್ರು: ಬಂದದ್ದು ಎಷ್ಟು ಹೊತ್ತು ಕೂತಿರುತ್ತೆ?

ಶಿಷ್ಯೆ: ಅದೇ ಪ್ರಶ್ನೆ ಸಾರ್. ಇಲ್ಲಿಗೆ ನಿಮ್ಮ ಅರ್ಹೇನಿಯಸ್ ಮತ್ತೆ ಬರ್ತಾರೆ. ಕಣಕ್ಕೆ ಅಂಟಿರೋ ಬಂಧನ ಶಕ್ತಿಯನ್ನ ಉಷ್ಣತೆಯಿಂದ ಭಾಗಿಸಿ ಇ-ಯ ಘಾತಕ್ಕೆ ಏರಿಸಬೇಕು. ಹಳೇ ಮಾದರಿಗಳಲ್ಲಿ ಹೈಡ್ರೋಜನ್ನಿನ ಬಂಧನ ಶಕ್ತಿ 350 ಕೆಲ್ವಿನ್ ಅಂತ ಹಾಕ್ತಿದ್ರು. ಹಾಗೆ ಹಾಕಿದ್ರೆ ಅದು ಕೂತಿರೋದು 26 ನಿಮಿಷ. ನೀರಿನ ಮಂಜುಗಡ್ಡೆಗೆ 450 ಅಂತ ಹಾಕೋರೂ ಇದ್ದಾರೆ. ಆಗ 404 ದಿನ.

ಮೇಷ್ಟ್ರು: ಏನು? ನೂರು ಕೆಲ್ವಿನ್ ವ್ಯತ್ಯಾಸಕ್ಕೆ ಅರ್ಧ ಗಂಟೆ ಹೋಗಿ ಒಂದು ವರ್ಷದ ಮೇಲಾಯ್ತಾ? ತಡಿ, ನೂರು ಕೆಲ್ವಿನ್ ಅಂದ್ರೆ ಮೋಲಿಗೆ 0.83 ಕಿಲೋಜೌಲ್. ಹೈಡ್ರೋಜನ್ ಬಂಧಕ್ಕೇ ಇಪ್ಪತ್ತರ ಆಸುಪಾಸು ಅಂತ ಪಾಠ ಮಾಡಿದವನು ನಾನು. ಇಷ್ಟು ಸಣ್ಣ ಶಕ್ತಿಯನ್ನ ಯಾವ ಲ್ಯಾಬಿನಲ್ಲಿ ಕರಾರುವಾಕ್ಕಾಗಿ ಅಳೀತಾರೆ?

ಶಿಷ್ಯೆ: ಅಳೀತಾರೆ, ಆದ್ರೆ ಒಂದೇ ಉತ್ತರ ಬರಲ್ಲ. ಅಡ್ಡಾದಿಡ್ಡಿ ಮಂಜುಗಡ್ಡೆಯಲ್ಲಿ ಒಂದೊಂದು ತಗ್ಗಿಗೆ ಒಂದೊಂದು ಬಂಧನ ಶಕ್ತಿ. ಆಳದ ತಗ್ಗಿನಲ್ಲಿ ಕೂತ ಪರಮಾಣು ಮುಂದಿನದು ಬರೋವರೆಗೂ ಕಾಯುತ್ತೆ, ಮೇಲೆ ಕೂತದ್ದು ಹಾರಿಹೋಗುತ್ತೆ. ಒಂದೇ ಅಂಕಿ ಬಳಸೋ ಮಾದರಿ ಆ ಹಂಚಿಕೆಯನ್ನ ಚಪ್ಪಟೆ ಮಾಡಿಬಿಡುತ್ತೆ.

ಮೇಷ್ಟ್ರು: ಸದ್ಯಕ್ಕೆ ಇಪ್ಪತ್ತಾರು ನಿಮಿಷವನ್ನೇ ಹಿಡಿ. 19 ಗಂಟೆಗೊಂದು ಬರುತ್ತೆ, ಅರ್ಧ ಗಂಟೆಗೆ ಎದ್ದು ಹೋಗುತ್ತೆ. ಹಾಗಾದ್ರೆ ಎರಡು ಪರಮಾಣು ಭೇಟಿಯಾಗೋದೇ ಅಪರೂಪ.

ಶಿಷ್ಯೆ: ಇಲ್ಲೇ ಮಾದರಿ ಮಾಡೋರು ಬಹಳ ದಿನ ಎಡವಿದ್ದು. ಕ್ರಿಯೆಯ ವೇಗ ಅಂದ್ರೆ ನಾವೆಲ್ಲ ಏನು ಬರೀತೀವಿ? ಸಾರತೆ ಗುಣಿಸು ಸಾರತೆ, ಅದಕ್ಕೊಂದು ಸ್ಥಿರಾಂಕ. ದರ ಸಮೀಕರಣ. ಹಸೆಗಾವಾ, ಹರ್ಬ್‌ಸ್ಟ್, ಲ್ಯೂಂಗ್ 1992ರಲ್ಲಿ ಅನಿಲ ಮತ್ತು ಧೂಳು ಎರಡನ್ನೂ ಸೇರಿಸಿದ ದೊಡ್ಡ ಜಾಲವನ್ನ ಹೀಗೇ ಬರೆದ್ರು. ಬೀಕರಿನಲ್ಲಿ ಇದು ಸರಿ, ಅಲ್ಲಿ ಕೋಟಿ ಕೋಟಿ ಅಣು. ಕಣದ ಮೇಲೆ ಸರಾಸರಿ ಎಷ್ಟು ಪರಮಾಣು ಇರುತ್ತೆ? 26 ನಿಮಿಷವನ್ನ 19 ಗಂಟೆಯಿಂದ ಭಾಗಿಸಿ.

ಮೇಷ್ಟ್ರು: 0.02.

ಶಿಷ್ಯೆ: ಈಗ ಊರಾಚೆಯ ಒಂದು ಹಳೇ ಛತ್ರ ಅಂದ್ಕೊಳ್ಳಿ. 19 ಗಂಟೆಗೊಬ್ಬ ದಾರಿಹೋಕ ಬರ್ತಾನೆ, ಅರ್ಧ ಗಂಟೆ ಕೂತು ಎದ್ದು ಹೋಗ್ತಾನೆ. ವರ್ಷದ ಕೊನೆಗೆ ಲೆಕ್ಕ ಬರೆಯೋನು ಸರಾಸರಿ ತೆಗೆದು, ಛತ್ರದಲ್ಲಿ ಸದಾ 0.02 ಜನ ಇರ್ತಾರೆ ಅಂತ ಬರೆದ. ಹೊಸದಾಗಿ ಬಂದವನಿಗೆ ಜೊತೆಗೆ ಆ 0.02 ಮನುಷ್ಯ ಯಾವಾಗಲೂ ಒಳಗಿದ್ದಾನೆ ಅಂತ ಸಮೀಕರಣ ನಂಬುತ್ತೆ. ಆ 0.02 ಬೇರೆ ಯಾರೂ ಅಲ್ಲ, ಬಂದವನೇ. ತನ್ನ ಸರಾಸರಿಯ ಜೊತೆಗೇ ತಾನು ಕೂಡಿಕೊಳ್ತಾನೆ.

ಮೇಷ್ಟ್ರು: ಭಲೇ. ವ್ಯತ್ಯಾಸ ಎಷ್ಟಾಗುತ್ತೆ?

ಶಿಷ್ಯೆ: ಕಣದ ಮೇಲೆ ಹೈಡ್ರೋಜನ್ ಬಿಟ್ರೆ ಬೇರೇನೂ ಇಲ್ಲ, ಪರಮಾಣು ಚುರುಕಾಗಿ ಓಡಾಡುತ್ತೆ ಅಂತಿಟ್ಟುಕೊಳ್ಳಿ. ಸಮೀಕರಣ ಬಿಡಿಸಿದ್ರೆ ಬಂದ ಪರಮಾಣುಗಳಲ್ಲಿ ನೂರಕ್ಕೆ 97 ಜೋಡಿಯಾಗುತ್ತವೆ ಅಂತ ಬರುತ್ತೆ. ಒಂದೊಂದನ್ನೇ ಎಣಿಸಿ ನೋಡಿದ್ರೆ ನಿಜಕ್ಕೂ ಜೋಡಿಯಾಗೋದು ನೂರಕ್ಕೆ ನಾಲ್ಕೋ ಐದೋ.

ಮೇಷ್ಟ್ರು: ಅಷ್ಟು ದೊಡ್ಡ ತಪ್ಪನ್ನ ಯಾರೂ ನೋಡಲಿಲ್ವೇ?

ಶಿಷ್ಯೆ: ನೋಡಿದ್ರು. ಟೀಲೆನ್ಸ್ ಮತ್ತು ಹಾಗೆನ್ 1982ರಲ್ಲೇ ಸರಾಸರಿ ಬಿಟ್ಟು, ದಾಳ ಹಾಕಿ ಲೆಕ್ಕ ಮಾಡೋ ಮಾಂಟೆ ಕಾರ್ಲೊ ದಾರಿ ಹಿಡಿದಿದ್ರು. ಮುಂದಿನ ಘಟನೆ ಯಾವುದು, ಎಷ್ಟು ಹೊತ್ತಿಗೆ ಅನ್ನೋದನ್ನ ಯಾದೃಚ್ಛಿಕ ಸಂಖ್ಯೆಯಿಂದ ಆರಿಸ್ತಾ ಹೋಗೋದು. ಸರಿಯಾದ ದಾರಿಯೇ. ಕಷ್ಟ ಏನು ಅಂದ್ರೆ ಲಕ್ಷ ವರ್ಷದಲ್ಲಿ ಒಂದು ಕಣದ ಮೇಲೆ ಹೈಡ್ರೋಜನ್ ಬೀಳೋದು ನಾಲ್ಕೂವರೆ ಕೋಟಿ ಸಲ. ಬಿದ್ದ ಪ್ರತಿಯೊಂದೂ ಸೆಕೆಂಡಿಗೆ ಕೋಟಿಗಟ್ಟಲೆ ಸಲ ಜಾಗ ಬದಲಾಯಿಸಬಹುದು. ಒಂದೊಂದು ನೆಗೆತವನ್ನೂ ದಾಖಲಿಸೋಕೆ ಹೋದ್ರೆ ಕಂಪ್ಯೂಟರ್ ಸುಸ್ತು. ಸಾವಿರಾರು ಕ್ರಿಯೆಗಳ ಅನಿಲದ ಲೆಕ್ಕವನ್ನೂ ಜೊತೆಗೆ ಹೊರಬೇಕು. ಅದಕ್ಕೇ ಸುಲಭದ ಸಮೀಕರಣವನ್ನ ಜನ ಬಿಡಲಿಲ್ಲ.

ಮೇಷ್ಟ್ರು: ಸಂಭವನೀಯತೆಗೇ ಸಮೀಕರಣ ಬರೀಬಹುದಲ್ಲ? ಕಣದ ಮೇಲೆ ಸೊನ್ನೆ ಇರೋ ಸಂಭವ, ಒಂದು ಇರೋ ಸಂಭವ, ಎರಡು ಇರೋ ಸಂಭವ ಅಂತ.

ಶಿಷ್ಯೆ: 2001ರಲ್ಲಿ ಎರಡು ಗುಂಪಿನವರು ಬೇರೆ ಬೇರೆ ಕಡೆಯಿಂದ ಅದನ್ನೇ ಮಾಡಿದ್ರು. ಬಿಹಾಮ್ ಅವರ ಗುಂಪು, ಗ್ರೀನ್ ಅವರ ಗುಂಪು. ಹೈಡ್ರೋಜನ್ ಒಂದಕ್ಕೇ ಆದ್ರೆ ಚೆನ್ನಾಗಿದೆ. ನೂರು ಬಗೆಯ ಅಣು ಇದ್ರೆ? ಒಂದೊಂದೂ ಇದೆ ಅಥವಾ ಇಲ್ಲ ಅನ್ನೋ ಎರಡೇ ಸ್ಥಿತಿ ಅಂದ್ರೂ ಎರಡರ ಘಾತ ನೂರು. ಹತ್ತರ ಘಾತ ಮೂವತ್ತಷ್ಟು ಸಮೀಕರಣ. ಅದಕ್ಕೇ ನಡುವಿನ ದಾರಿಗಳು ಹುಟ್ಟಿದ್ವು. ದರ ಸಮೀಕರಣವನ್ನೇ ಇಟ್ಟುಕೊಂಡು, ಕಣದ ಮೇಲೆ ಜನ ಕಡಿಮೆ ಇದ್ದಾಗ ವೇಗಕ್ಕೆ ಮಿತಿ ಹಾಕೋದು. ಗ್ಯಾರೊಡ್ 2008ರಲ್ಲಿ ಇದಕ್ಕೊಂದು ಒಳ್ಳೇ ರೂಪ ಕೊಟ್ರು. ನಂಗೆ ಕೇಳಿದ್ರೆ ಇವೆಲ್ಲ ತೇಪೆ. ಆದ್ರೆ ಮಾಂಟೆ ಕಾರ್ಲೊ ಉತ್ತರದ ಪಕ್ಕ ಇಟ್ಟು ನೋಡಿದ್ರೆ ತೇಪೆ ಚೆನ್ನಾಗೇ ಕೂತಿದೆ.

ಮೇಷ್ಟ್ರು: ಇಷ್ಟು ಹೊತ್ತೂ ಓಡಾಟದ ವಿಷಯ ಹಾರಿಸಿಬಿಟ್ಟೆ. "ಚುರುಕಾಗಿ ಓಡಾಡುತ್ತೆ ಅಂತಿಟ್ಟುಕೊಳ್ಳಿ" ಅಂದೆ. ಎಷ್ಟು ಚುರುಕು?

ಶಿಷ್ಯೆ: ಬನ್ನಿ ಸಾರ್, ಈ ಪರದೆ ನೋಡಿ. ಇದು ನನ್ನ ಪ್ರೋಗ್ರಾಮಿನ ಇನ್‌ಪುಟ್ ಫೈಲು. ಅನಿಲದ ಉಷ್ಣತೆ, ಸಾಂದ್ರತೆ, ವಿಶ್ವಕಿರಣದ ದರ, ಕಣದ ತ್ರಿಜ್ಯ. ಈ ಸಾಲು ನೋಡಿ, 0.4 ಅಂತಿದೆ. ಜಾಗದಿಂದ ಜಾಗಕ್ಕೆ ಸರಿಯೋಕೆ ಬೇಕಾದ ಶಕ್ತಿ, ಕಣ ಬಿಟ್ಟು ಹಾರೋಕೆ ಬೇಕಾದ ಶಕ್ತಿಯ ಎಷ್ಟು ಪಾಲು ಅನ್ನೋ ಅನುಪಾತ ಅದು. ಹಾರೋ ಶಕ್ತಿಯನ್ನ ಲ್ಯಾಬಿನಲ್ಲಿ ಅಳೀಬಹುದು: ಮಂಜುಗಡ್ಡೆಯನ್ನ ನಿಧಾನಕ್ಕೆ ಬಿಸಿ ಮಾಡ್ತಾ, ಯಾವ ಉಷ್ಣತೆಗೆ ಯಾವ ಅಣು ಎದ್ದುಹೋಯ್ತು ಅಂತ ನೋಡೋದು. ಸರಿಯೋದನ್ನ ನೋಡೋದು ಬಹಳ ಕಷ್ಟ. ಅದಕ್ಕೇ ಎಲ್ಲ ಅಣುವಿಗೂ ಸೇರಿಸಿ ಒಂದೇ ಅನುಪಾತ ಹಾಕಿಬಿಡ್ತೀವಿ. ಬೇರೆಯವರ ಕೆಲಸ ನೋಡಿದ್ರೆ 0.3ರಿಂದ 0.8ವರೆಗೂ ಸಿಗುತ್ತೆ.

ಮೇಷ್ಟ್ರು: ಪೆನ್ನು ಕೊಡು. ಬಂಧನ ಶಕ್ತಿ 350. ಅನುಪಾತ 0.3 ಆದ್ರೆ ತಡೆ 105. ಹತ್ತರಿಂದ ಭಾಗಿಸಿದ್ರೆ ಹತ್ತೂವರೆ. ಸೆಕೆಂಡಿಗೆ ಲಕ್ಷ ಕೋಟಿ ಪ್ರಯತ್ನ... ಎರಡೂ ಮುಕ್ಕಾಲು ಕೋಟಿ ನೆಗೆತ. ಅಂದ್ರೆ 19 ಲಕ್ಷ ಜಾಗವನ್ನೂ ಸೆಕೆಂಡು ಎರಡು ಸೆಕೆಂಡಿನಲ್ಲಿ ಸುತ್ತಿ ಮುಗಿಸುತ್ತೆ. ಈಗ 0.8. ತಡೆ 280, ಇಪ್ಪತ್ತೆಂಟು. ಇದೇನಿದು? ಹತ್ತು ಸೆಕೆಂಡಿಗೆ ಏಳು ನೆಗೆತ!

ಶಿಷ್ಯೆ: ನಾಲ್ಕು ಕೋಟಿ ಪಟ್ಟು ವ್ಯತ್ಯಾಸ.

ಮೇಷ್ಟ್ರು: ಈ ಒಂದು ಸಾಲಿನಿಂದ. 26 ನಿಮಿಷದಲ್ಲಿ ಸಾವಿರದ ನೂರು ನೆಗೆತ ನೆಗೆದು ಎದ್ದುಹೋಗುತ್ತೆ, ಜೊತೆಗಾರ ಇನ್ನೊಂದು ಮೂಲೆಯಲ್ಲಿದ್ರೆ ಸಿಗೋದೇ ಇಲ್ಲ. ನಿನ್ನ ಕಂಪ್ಯೂಟರ್ ಏನು ಹೇಳಿದ್ರೂ ನಾನು ಯಾಕೆ ನಂಬಬೇಕು?

ಶಿಷ್ಯೆ: ನಂಬಬೇಡಿ. ಆದ್ರೆ ಇಲ್ಲಿ ಒಂದು ಸ್ವಾರಸ್ಯ ಇದೆ, ಅದನ್ನ ಕೇಳಿ ಆಮೇಲೆ ಬೈಯಿರಿ. ನಿಧಾನಕ್ಕೆ ಸರಿದ್ರೆ ಕ್ರಿಯೆ ಕಡಿಮೆ ಅಂತ ನಿಮಗೆ ಅನ್ಸುತ್ತೆ. ಮೆಥನಾಲಿನ ವಿಷಯದಲ್ಲಿ ಉಲ್ಟಾ ಆಗಬಹುದು. ಕಾರ್ಬನ್ ಮಾನಾಕ್ಸೈಡ್ ಪದರದ ಮೇಲೆ ಹೈಡ್ರೋಜನ್ ಬಂದು ಕೂತ್ರೆ ಜೊತೆಗಾರನನ್ನ ಹುಡುಕಿ ಹೋಗೋ ಅಗತ್ಯವೇ ಇಲ್ಲ, ಸುತ್ತ ಇರೋದೆಲ್ಲ ಅದೇ. ಕೂತಲ್ಲೇ ಕೂತು ತಡೆಯನ್ನ ಮತ್ತೆ ಮತ್ತೆ ತಟ್ಟಬೇಕು. ಬೇಗ ಸರಿದುಹೋಗೋ ಪರಮಾಣು ಸ್ವಲ್ಪವೇ ಹೊತ್ತು ತಟ್ಟಿ ಹೊರಡುತ್ತೆ. ನಿಧಾನದ್ದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸಲ ತಟ್ಟುತ್ತೆ. ಕ್ರಿಯೆಗೂ ಸರಿಯೋದಕ್ಕೂ ನಡುವಿನ ಈ ಪೈಪೋಟಿಯನ್ನ ಸೇರಿಸದ ಮಾದರಿಗಳಲ್ಲಿ ಮೆಥನಾಲ್ ಬೇಕಾದಷ್ಟು ಬರೋದೇ ಇಲ್ಲ.

ಮೇಷ್ಟ್ರು: ತಟ್ಟಿ ಏನು ಪ್ರಯೋಜನ? ಹತ್ತರ ಘಾತ ಮೈನಸ್ 87 ಅಂತ ಈಗಷ್ಟೇ ಲೆಕ್ಕ ಮಾಡಿದ್ವಿ.

ಶಿಷ್ಯೆ: ಅದು ತಡೆಯನ್ನ ಹತ್ತಿ ದಾಟೋ ಲೆಕ್ಕ. ಹೈಡ್ರೋಜನ್ ಎಷ್ಟು ಹಗುರ ಅಂದ್ರೆ ಅದು ತಡೆಯ ಒಳಗಿಂದಲೇ ತೂರಿ ಆಚೆ ಬರುತ್ತೆ, ಕ್ವಾಂಟಮ್ ಟನೆಲಿಂಗ್. ಅದಕ್ಕೆ ಉಷ್ಣತೆಯ ಹಂಗಿಲ್ಲ. ಜಪಾನಿನ ಹೊಕ್ಕೈಡೋ ವಿಶ್ವವಿದ್ಯಾಲಯದಲ್ಲಿ ವಾತನಾಬೆ ಮತ್ತು ಕೌಚಿ 2002ರ ಹೊತ್ತಿಗೆ ಹತ್ತು ಕೆಲ್ವಿನ್ನಿನ ಮಂಜುಗಡ್ಡೆಯ ಮೇಲೆ ತಣ್ಣನೆಯ ಹೈಡ್ರೋಜನ್ ಪರಮಾಣುಗಳನ್ನ ಸುರಿದು, ಅವಕೆಂಪು ರೋಹಿತದಲ್ಲಿ ಕಣ್ಣಿಟ್ಟು ಕೂತ್ರು. ಕಾರ್ಬನ್ ಮಾನಾಕ್ಸೈಡಿನ ಗೆರೆ ಇಳೀತು, ಫಾರ್ಮಾಲ್ಡಿಹೈಡ್ ಗೆರೆ ಎದ್ದಿತು, ಅದರ ಹಿಂದೆ ಮೆಥನಾಲ್ ಗೆರೆ. ಹೈಡ್ರೋಜನ್ ಬದಲು ಡ್ಯೂಟೀರಿಯಮ್ ಸುರಿದಾಗ ಕ್ರಿಯೆ ಬಹಳ ನಿಧಾನ ಆಯ್ತು.

ಮೇಷ್ಟ್ರು: ದ್ರವ್ಯರಾಶಿ ಇಮ್ಮಡಿ, ತೂರೋದು ಕಷ್ಟ. ಅದು ಟನೆಲಿಂಗಿನ ಗುರುತೇ. ಇದು ನಂಗೆ ಒಪ್ಪಿಗೆ. ಲ್ಯಾಬಿನಲ್ಲಿ ಕಣ್ಣಾರೆ ನೋಡಿದ ಮೇಲೆ ಕಂಪ್ಯೂಟರ್ ಯಾಕೆ ಬೇಕು? ಆ ಅಳತೆಯನ್ನೇ ಮೋಡಕ್ಕೆ ಹಾಕಿ ಮುಗಿಸಿ.

ಶಿಷ್ಯೆ: ಹಾಕೋಕಾಗಲ್ಲ ಸಾರ್. ಇಡೀ ಮಾತು ನಿಂತಿರೋದೇ ಇಲ್ಲಿ. ಲ್ಯಾಬಿನಲ್ಲಿ ಒಂದು ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಹತ್ತರ ಘಾತ 13ರಷ್ಟು ಪರಮಾಣು ಸುರೀತಾರೆ. ಮೋಡದಲ್ಲಿ ಅದೇ ಜಾಗಕ್ಕೆ ಬೀಳೋದು ಹನ್ನೆರಡು ಸಾವಿರ. ನೂರು ಕೋಟಿ ಪಟ್ಟು ಹತ್ತಿರ ವ್ಯತ್ಯಾಸ. ಲಕ್ಷ ವರ್ಷದಲ್ಲಿ ಬೀಳಬೇಕಾದ್ದನ್ನ ಲ್ಯಾಬಿನಲ್ಲಿ ಒಂದು ಗಂಟೆ ಚಿಲ್ಲರೆಯಲ್ಲಿ ಬೀಳಿಸ್ತಾರೆ. ಬೀಳಿಸದೆ ವಿಧಿಯಿಲ್ಲ, ಲಕ್ಷ ವರ್ಷ ಯಾರು ಕಾಯ್ತಾರೆ? ಆದ್ರೆ ಆ ನೂಕುನುಗ್ಗಲಿನಲ್ಲಿ ಹೈಡ್ರೋಜನ್‌ಗೆ ಹೈಡ್ರೋಜನ್ ಸಿಕ್ಕಿಬಿಡುತ್ತೆ, ಕಾರ್ಬನ್ ಮಾನಾಕ್ಸೈಡನ್ನ ತಟ್ಟೋಕೆ ಪುರುಸೊತ್ತೇ ಇರಲ್ಲ. ಮೋಡದಲ್ಲಿ ಅದು ಒಂಟಿ, ಬೇಕಾದಷ್ಟು ಸಮಯ ಇದೆ. ಆ ಒಂಟಿತನವನ್ನ ಯಾವ ಲ್ಯಾಬೂ ತೋರಿಸಲ್ಲ, ಯಾವ ದೂರದರ್ಶಕವೂ ಒಂದು ಕಣವನ್ನ ನೋಡಲ್ಲ. ಲ್ಯಾಬಿನ ಅಳತೆಯನ್ನ ಅಷ್ಟು ನಿಧಾನಕ್ಕೆ ಎಳೆದು ತೋರಿಸೋದು ಲೆಕ್ಕ ಮಾತ್ರ. ಮಾದರಿ ಇರೋದು ಅದಕ್ಕೆ.

ಮೇಷ್ಟ್ರು: ಹ್ಞೂಂ. ಇದು ವಾದ. ನಮ್ಮ ದೇಶದಲ್ಲಿ ಯಾರಾದ್ರೂ ಮಾಡ್ತಾರಾ?

ಶಿಷ್ಯೆ: ಮಾಡ್ತಾರೆ. ಕೋಲ್ಕತ್ತದ ಇಂಡಿಯನ್ ಸೆಂಟರ್ ಫಾರ್ ಸ್ಪೇಸ್ ಫಿಸಿಕ್ಸ್‌ನಲ್ಲಿ ಕಣದ ಮೇಲಿನ ಮಾಂಟೆ ಕಾರ್ಲೊ ಲೆಕ್ಕಗಳು ನಡೆದಿವೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ಮಂಜುಗಡ್ಡೆಯ ಪ್ರಯೋಗಗಳು ನಡೀತವೆ.

ಮೇಷ್ಟ್ರು: ಇನ್ನೊಂದು ಅನುಮಾನ. ಮೆಥನಾಲ್ ಕಣದ ಮೇಲೆ ಹುಟ್ಟಿತು, ಸರಿ. ಹತ್ತು ಕೆಲ್ವಿನ್‌ನಲ್ಲಿ ಅದು ಅಲ್ಲಿಂದ ಏಳೋ ಮಾತೇ ಇಲ್ಲ. ರೇಡಿಯೋಗೆ ಸಿಗಬೇಕಾದ್ರೆ ಅದು ಅನಿಲವಾಗಿ ಹೊರಗೆ ಬಂದಿರಬೇಕು. ಎಬ್ಬಿಸಿದವರು ಯಾರು?

ಶಿಷ್ಯೆ: ಕ್ರಿಯೆಯಲ್ಲಿ ಹೊರಬಿದ್ದ ಶಕ್ತಿಯೇ ಹುಟ್ಟಿದ ಅಣುವನ್ನ ಒದ್ದು ಹೊರಗೆ ಹಾಕುತ್ತೆ ಅನ್ನೋದು ಒಂದು ಉತ್ತರ. ನೂರು ಸಲಕ್ಕೆ ಒಂದು ಸಲ ಹೀಗಾಗುತ್ತೆ ಅಂತ ಬಹಳ ಮಾದರಿಗಳು ಹಾಕಿಕೊಂಡಿವೆ. ನೂರಕ್ಕೆ ಒಂದು ಅನ್ನೋದು ಅನುಕೂಲದ ಅಂಕಿ. ಅತಿನೇರಳೆ ಬೆಳಕು ಎಬ್ಬಿಸುತ್ತೆ ಅನ್ನೋದು ಇನ್ನೊಂದು. 2016ರಲ್ಲಿ ಪ್ರಯೋಗ ಮಾಡಿ ನೋಡಿದ್ರೆ, ಬೆಳಕು ಬಿದ್ದಾಗ ಇಡೀ ಮೆಥನಾಲ್ ಏಳೋದು ತೀರಾ ಕಡಿಮೆ, ಬರೋದು ಹೆಚ್ಚಾಗಿ ಚೂರುಗಳೇ ಅಂತ ಗೊತ್ತಾಯ್ತು. ಇದು ಇನ್ನೂ ಬಗೆಹರಿದಿಲ್ಲ.

ಮೇಷ್ಟ್ರು: ಅನುಪಾತ ಒಂದು, ಈ ನೂರಕ್ಕೊಂದು ಇನ್ನೊಂದು. ಇಷ್ಟು ತಿರುಪು ಕೈಯಲ್ಲಿದ್ರೆ ಬೇಕಾದ ಉತ್ತರ ಬರೋವರೆಗೆ ತಿರುಗಿಸ್ತಾ ಕೂರಬಹುದು. ತಪ್ಪು ಅಂತ ತೋರಿಸೋಕಾಗದ ಮಾದರಿ ವಿಜ್ಞಾನ ಅಲ್ಲಮ್ಮ.

ಶಿಷ್ಯೆ: ತಪ್ಪು ಅಂತ ತೋರಿಸಿದ್ದಾರೆ ಸಾರ್, ಚೆನ್ನಾಗೇ ತೋರಿಸಿದ್ದಾರೆ. ಮೀಥೈಲ್ ಫಾರ್ಮೇಟ್, ಡೈಮೀಥೈಲ್ ಈಥರ್ ತರಹದ ದೊಡ್ಡ ಅಣುಗಳು ಹುಟ್ಟೋದು ಹುಟ್ಟುತ್ತಿರೋ ನಕ್ಷತ್ರದ ಕಾವಿಗೆ ಧೂಳು 30 ಕೆಲ್ವಿನ್ ದಾಟಿದಾಗ ಅಂತ 2006ರ ಗ್ಯಾರೊಡ್-ಹರ್ಬ್‌ಸ್ಟ್ ಮಾದರಿ ಹೇಳಿತ್ತು. ಆಗ ಬಂಧಕ್ಕೆ ಕಾದಿರೋ ಒಂಟಿ ಎಲೆಕ್ಟ್ರಾನಿನ ಅಣುಚೂರುಗಳಾದ ಭಾರದ ರ‍್ಯಾಡಿಕಲ್‌ಗಳು ಸರಿದಾಡೋಕೆ ಶುರುಮಾಡ್ತವೆ, ಒಂದಕ್ಕೊಂದು ಸಿಗ್ತವೆ. ಚಂದದ ಮಾದರಿ, ಬಿಸಿ ಪ್ರದೇಶಗಳಿಗೆ ಚೆನ್ನಾಗಿ ಹೊಂದಿತು. 2012ರಲ್ಲಿ ಬಾಕ್‌ಮನ್ ಮತ್ತು ಜೊತೆಯವರು ಎಲ್1689ಬಿ ಅನ್ನೋ ತಣ್ಣನೆಯ ಮೋಡದಲ್ಲಿ ಅವೇ ಅಣುಗಳನ್ನ ಕಂಡ್ರು. ಅಲ್ಲಿ ನಕ್ಷತ್ರ ಇಲ್ಲ, ಕಾವಿಲ್ಲ, ಹತ್ತು ಕೆಲ್ವಿನ್. ಯಾವ ಅನುಪಾತ ತಿರುಗಿಸಿದ್ರೂ ಆ ಉಷ್ಣತೆಯಲ್ಲಿ ಭಾರದ ರ‍್ಯಾಡಿಕಲ್ ಕದಲಲ್ಲ.

ಮೇಷ್ಟ್ರು: ಆಮೇಲೆ?

ಶಿಷ್ಯೆ: ಕದಲೋದೇ ಬೇಡ ಅಂತ ಹೊಳೀತು. ಓಡಾಡೋದು ಹೈಡ್ರೋಜನ್ ಒಂದೇ. ಅದು ಒಂದು ಕಾರ್ಬನ್ ಮಾನಾಕ್ಸೈಡನ್ನ ತಟ್ಟಿ ಫಾರ್ಮೈಲ್ ರ‍್ಯಾಡಿಕಲ್ ಮಾಡುತ್ತೆ. ಎಷ್ಟೋ ದಿನ ಬಿಟ್ಟು ಇನ್ನೊಂದು ಹೈಡ್ರೋಜನ್ ಬಂದು ಅದರ ಪಕ್ಕದ್ದನ್ನೇ ತಟ್ಟಿದ್ರೆ, ಪಕ್ಕಪಕ್ಕದಲ್ಲೇ ಎರಡು ರ‍್ಯಾಡಿಕಲ್. ತಡೆಯಿಲ್ಲದೆ ಕೂಡಿಕೊಳ್ತವೆ. ಹಾಲೆಂಡಿನ ಲೈಡನ್ ಪ್ರಯೋಗಾಲಯದಲ್ಲಿ 2015ರಲ್ಲಿ ಬೆಳಕೇ ಹಾಕದೆ, ಬರೀ ಹೈಡ್ರೋಜನ್ ಸುರಿದು, ಕಾರ್ಬನ್ ಮಾನಾಕ್ಸೈಡಿನಿಂದ ಗ್ಲೈಕಾಲ್ಡಿಹೈಡ್, ಎಥಿಲೀನ್ ಗ್ಲೈಕಾಲ್ ತೆಗೆದ್ರು. ಈಗಿನ ಮಾದರಿಗಳಲ್ಲಿ ಈ ಕದಲದ ಕ್ರಿಯೆಗಳಿಗೆ ಬೇರೆ ಪದವನ್ನೇ ಸೇರಿಸ್ತಾರೆ. ಹಳೇ ಮಾದರಿ ತಪ್ಪಾಗಿದ್ದು ಅಂಕಿಯಲ್ಲಲ್ಲ. ಇಂಥ ಒಂದು ದಾರಿ ಇರಬಹುದು ಅನ್ನೋದೇ ಅದರೊಳಗೆ ಇರಲಿಲ್ಲ.

ಮೇಷ್ಟ್ರು: ಹಾಗೆ ತಪ್ಪಾಗೋ ಮಾದರಿಯನ್ನ ನಾನು ಮೆಚ್ಚುತ್ತೀನಿ. ಮಂಜುಗಡ್ಡೆಯನ್ನೇ ನೇರವಾಗಿ ನೋಡೋಕಾಗಲ್ವಾ?

ಶಿಷ್ಯೆ: ಆಗುತ್ತೆ. ಹಿಂದಿರೋ ನಕ್ಷತ್ರದ ಅವಕೆಂಪು ಬೆಳಕನ್ನ ಮಂಜುಗಡ್ಡೆ ಎಲ್ಲೆಲ್ಲಿ ಹೀರಿಕೊಳ್ತು ಅಂತ ನೋಡೋದು. ನೀರಿನ ಗುರುತು 1973ರಲ್ಲೇ ಸಿಕ್ಕಿತ್ತು. ಜೇಮ್ಸ್ ವೆಬ್ ದೂರದರ್ಶಕ ಬಂದ ಮೇಲೆ 2023ರಲ್ಲಿ ಕಮೀಲಿಯಾನ್ ಮೋಡದ ಕಗ್ಗತ್ತಲೆಯ ಭಾಗದಲ್ಲಿ ನೀರು, ಎರಡೂ ಕಾರ್ಬನ್ ಆಕ್ಸೈಡು, ಅಮೋನಿಯಾ, ಮೀಥೇನ್, ಮೆಥನಾಲ್ ಎಲ್ಲವನ್ನೂ ಒಂದೇ ರೋಹಿತದಲ್ಲಿ ಕಂಡ್ರು, ನಕ್ಷತ್ರ ಹುಟ್ಟೋಕೆ ಮುಂಚೆಯೇ. ಇದರಿಂದ ನಿಮ್ಮ ತಿರುಪಿನ ಆಟಕ್ಕೆ ಕಡಿವಾಣ ಬೀಳುತ್ತೆ. ಮೆಥನಾಲ್ ಒಂದನ್ನ ಹೊಂದಿಸೋಕೆ ಅನುಪಾತ ತಿರುಗಿಸಿದ್ರೆ ಇಂಗಾಲದ ಡೈಆಕ್ಸೈಡ್ ಕೆಟ್ಟುಹೋಗುತ್ತೆ, ಅದನ್ನ ಸರಿಮಾಡಿದ್ರೆ ಇನ್ನೊಂದು. ಎಲ್ಲವೂ ಒಂದೇ ಅಂಕಿಗಳಲ್ಲಿ ಕೂರಬೇಕು.

ಮೇಷ್ಟ್ರು: ಅಲ್ಲಿವರೆಗೆ?

ಶಿಷ್ಯೆ: ಅನುಮಾನದ ಅಂಕಿಗಳನ್ನೆಲ್ಲ ಅವುಗಳ ಮಿತಿಯೊಳಗೆ ಏರಿಳಿಸಿ ಸಾವಿರ ಸಲ ಪ್ರೋಗ್ರಾಮ್ ಓಡಿಸ್ತೀವಿ. ಯಾವ ಅಂಕಿಗೆ ಉತ್ತರ ಹೆಚ್ಚು ಅಲುಗಾಡುತ್ತೋ ಅದನ್ನ ಲ್ಯಾಬಿನವರಿಗೆ ಹೇಳ್ತೀವಿ, ಮೊದಲು ಇದನ್ನ ಅಳೆದುಕೊಡಿ ಅಂತ. ನನ್ನ ಮಟ್ಟಿಗೆ ಮಾದರಿಯಿಂದ ಬಂದ ಮೆಥನಾಲಿನ ಪ್ರಮಾಣಕ್ಕಿಂತ ಆ ಪಟ್ಟಿಯೇ ಹೆಚ್ಚು ಬೆಲೆಯದ್ದು.

ಮೇಷ್ಟ್ರು: ಹಾಗಾದ್ರೆ ಕೇಳು. ನಿಮ್ಮವರು ಬರೆಯೋ ಲೇಖನಗಳಲ್ಲಿ ಮೆಥನಾಲ್ ಇಷ್ಟು ಬಂತು ಅಂತ ದಪ್ಪ ಅಕ್ಷರದಲ್ಲಿ ಇರುತ್ತೆ, ಆ 0.4 ಎಲ್ಲೋ ಕೊನೇ ಕೋಷ್ಟಕದಲ್ಲಿ ಅಡಗಿರುತ್ತೆ ಅಂತ ನನ್ನ ಅನುಮಾನ. ಅದನ್ನ ಉತ್ತರದ ಪಕ್ಕದಲ್ಲೇ ಬರೀಬೇಕು, 0.3 ಹಾಕಿದ್ರೆ ಎಷ್ಟು, 0.8 ಹಾಕಿದ್ರೆ ಎಷ್ಟು ಅಂತಾನೂ ಬರೀಬೇಕು. ಬರೆದವರಿಗೆ ಪೂರ್ತಿ ಅಂಕ. ಬರೀದಿದ್ರೆ, ಉತ್ತರ ಸರಿಯಿದ್ರೂ ನಾನು ಪಾಸು ಮಾಡಲ್ಲ.